ವಸ್ತಿ ಎಲ್ಲಿ? ಪರದೇಶದ ಫೈಲಿನ ಹಿಂದಿನ ಕತಿ

ಬ್ಯಾಸಗಿ ಹತ್ರ ಬಂತಂದ್ರ ನಮ್ಮ ಓಣಿಯೊಳಗ ಸಂಡಿಗಿ, ಉಪ್ಪಿನಕಾಯಿ ಮಾತಿನ ಜೋಡಿ ಇನ್ನೊಂದು ಮಾತು ಸುರು ಆಗತದ. "ನಿಮ್ಮ ವೀಸಾ ಬಂತೇನ್ರಿ?" ಒಬ್ಬರು ಮಗಳ ಬಾಣಂತನಕ್ಕ ಅಂತ ಅಮೆರಿಕಾಕ್ಕ ಆರು ತಿಂಗಳು ಹೊಂಟಿರತಾರ. ಇನ್ನೊಬ್ಬರು ಮಗನ ಕಡೆ ಜರ್ಮನಿಗೆ. ಮತ್ತೊಬ್ಬರು ಯಜಮಾನರು ರಿಟೈರ್ ಆದ್ರು ಅಂತ ಯುರೋಪ್ ಸುತ್ತಲಿಕ್ಕೆ. ಎಲ್ಲಾರ ಮನ್ಯಾಗೂ ಒಂದು ಪ್ಲಾಸ್ಟಿಕ್ ಫೈಲು. ಅದರೊಳಗ ಪಾಸ್‌ಪೋರ್ಟು, ಬ್ಯಾಂಕಿನ ಕಾಗದ, ಹೋಟೆಲ್ ಬುಕಿಂಗು, ಮಗನ ಪತ್ರ, ವಿಮಾ ಪಾಲಿಸಿ, ವಾಪಸ್ ಟಿಕೀಟು. ಫೈಲು ತಯಾರು ಮಾಡವರು ಮಕ್ಕಳು, ಹಿಡಕೊಳ್ಳವರು ಯಜಮಾನರು. ನಾವು ಚಟ್ನಿಪುಡಿ ಕಟ್ಟತೀವಿ.

ಈ ಫೈಲಿನ ಕಾಗದ ಎಷ್ಟೇ ಇರಲಿ, ಕೇಳೋ ಪ್ರಶ್ನಿ ಐದೇ ಐದು. ನೀವು ಯಾರು? ಯಾರ ಜೋಡಿ ಹೊಂಟೀರಿ? ವಸ್ತಿ ಎಲ್ಲಿ? ರೊಕ್ಕ ಯಾರದು? ವಾಪಸ್ ಯಾವಾಗ? ಮನಿಗೆ ಹೊಸಬರು ಬಂದ್ರ ನಮ್ಮ ಅಜ್ಜಿಯವರೂ ಇವೇ ಪ್ರಶ್ನಿ ಕೇಳತಿದ್ರು. ಆದ್ರ ಸರ್ಕಾರಗಳು ಇವನ್ನ ಕೇಳಲಿಕ್ಕೆ ಕಲಿತದ್ದು ಭಾಳ ಹಿಂದೇನಲ್ಲ. ಒಂದೊಂದು ಪ್ರಶ್ನಿಗೂ ಒಂದೊಂದು ಹುಟ್ಟಿದ ದಿನ ಅದ. ಮತ್ತ ಇವೇ ಪ್ರಶ್ನಿಗಳನ್ನ ಹೆಣ್ಣಮಕ್ಕಳಿಗೆ ಬ್ಯಾರೆ ರೀತಿಯಿಂದ ಕೇಳ್ಯಾರ. ಅದನ್ನ ತಿಳಕೊಂಡ್ರ ಫೈಲು ಯಾರ ಕೈಯಾಗ ಇರಬೇಕು ಅನ್ನೋದು ತಾನಾಗೇ ತಿಳೀತದ. ಅದಕ್ಕ ಇಷ್ಟು ಬರೀಲಿಕ್ಕೆ ಕೂತೆ.

ಕಾಗದ ಇಲ್ಲ, ಮನಿ ಬೇಕು

ಆನಂದಿಬಾಯಿ ಜೋಶಿಯವರ ಹೆಸರು ನಮ್ಮ ಕಡೆ ಎಲ್ಲಾರೂ ಕೇಳೀವಿ. ಅಮೆರಿಕಾಕ್ಕ ಹೋಗಿ ಡಾಕ್ಟರಕಿ ಓದಿದ ಹುಡುಗಿ. 1883ರ ಏಪ್ರಿಲ್‌ನೊಳಗ ಕಲಕತ್ತಾದಿಂದ ಹಡಗು ಹತ್ತಿದಾಗ ಆಕಿಗೆ 18 ವರ್ಷ. ಗಂಡ ಗೋಪಾಳರಾಯರು ಜೋಡಿ ಇದ್ದಿದ್ದಿಲ್ಲ. ಜೂನ್ ತಿಂಗಳಾಗ ನ್ಯೂಯಾರ್ಕ್ ಮುಟ್ಟಿದಳು. ಆವಾಗ ಪಾಸ್‌ಪೋರ್ಟ್ ತೋರಸ್ರಿ, ವೀಸಾ ತೋರಸ್ರಿ ಅಂತ ಕೇಳೋ ಪದ್ಧತಿನೇ ಇದ್ದಿದ್ದಿಲ್ಲ.

ಹಂಗಾರ ತಯಾರಿ ಬೇಕಿದ್ದಿಲ್ಲೇನು? ಬೇಕಿತ್ತು, ಮೂರು ವರ್ಷದ ತಯಾರಿ. ಗೋಪಾಳರಾಯರು ಒಬ್ಬ ಮಿಷನರಿಗೆ ಬರೆದ ಪತ್ರ ಒಂದು ಪತ್ರಿಕೆಯೊಳಗ ಅಚ್ಚಾಗಿತ್ತು. 1880ರಾಗ ಅಮೆರಿಕಾದ ನ್ಯೂಜೆರ್ಸಿಯ ರೋಸೆಲ್ ಅನ್ನೋ ಊರಿನ ಥಿಯೊಡೀಷಿಯಾ ಕಾರ್ಪೆಂಟರ್ ಅನ್ನೋ ಗೃಹಿಣಿ ಹಲ್ಲಿನ ಡಾಕ್ಟರ ಹತ್ರ ಸರದಿ ಕಾಯಕೋತ ಕೂತಾಗ ಅದನ್ನ ಓದಿದಳು. ಮನಿಗೆ ಹೋಗಿ ಪತ್ರ ಬರದಳು. ಹಂಗ ಪತ್ರದಾಗ ಸುರುವಾದ ಸ್ನೇಹ ಬೆಳದು ಬೆಳದು ಆನಂದಿಬಾಯಿ ಆಕಿಗೆ ಮೌಶಿ ಅಂತ ಕರೀಲಿಕ್ಕೆ ಹತ್ತಿದಳು. ಅಮೆರಿಕಾದಾಗ ಮೊದಲು ಇಳಕೊಂಡದ್ದು ಅದೇ ಮೌಶಿಯ ಮನ್ಯಾಗ. ಅಂದ್ರ ವೀಸಾ ಇದ್ದಿದ್ದಿಲ್ಲ ಖರೆ, ಆದ್ರ ಅದಕ್ಕಿಂತ ದೊಡ್ಡದು ಒಂದು ಇತ್ತು. ಗೊತ್ತಿದ್ದ ಒಂದು ಮನಿ, ಬಾಗಲಾ ತೆರೆಯೋ ಒಬ್ಬ ಹೆಣ್ಣಮಗಳು.

ಅದೇ 1883ರಾಗ ಪಂಡಿತಾ ರಮಾಬಾಯಿ ಸಣ್ಣ ಮಗಳು ಮನೋರಮಾನ್ನ ಕರಕೊಂಡು ಇಂಗ್ಲಂಡಿಗೆ ಹೋದಳು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಡೆ ಹುಟ್ಟಿದಾಕಿ ಆಕಿ, ನಮ್ಮವಳೇ ಅನ್ನಬೇಕು. ವಾಂಟೇಜ್ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಾಗ ಆಕಿಯ ವಸ್ತಿ. 1886ರ ಮಾರ್ಚಿನೊಳಗ ಆನಂದಿಬಾಯಿಗೆ ಫಿಲಡೆಲ್ಫಿಯಾದಾಗ ಡಾಕ್ಟರ್ ಪದವಿ ಕೊಟ್ಟಾಗ ನೋಡ್ಲಿಕ್ಕೆ ರಮಾಬಾಯಿ ಅಲ್ಲಿಗೆ ಹೋಗಿದ್ದಳು. ಸಮುದ್ರ ದಾಟಿದ ಈ ಇಬ್ಬರೂ ಹೆಣ್ಣಮಕ್ಕಳ ಕತಿಯೊಳಗ ಸರ್ಕಾರದ ಕಾಗದ ಬರೋದಿಲ್ಲ. ವಸ್ತಿಯ ಮಾತು ಮಾತ್ರ ಎಲ್ಲಾ ಕಡೆ ಬರತದ.

ಆದ್ರ ಎಲ್ಲಾ ಹೆಣ್ಣಮಕ್ಕಳಿಗೂ ಬಾಗಲಾ ಹಂಗ ತೆರೆದಿತ್ತು ಅಂತ ತಿಳಕೋಬ್ಯಾಡ್ರಿ. ಅಮೆರಿಕಾದವರು 1875ರಾಗೇ ಪೇಜ್ ಕಾಯ್ದೆ ಅಂತ ಒಂದು ಮಾಡಿದ್ರು. ಚೀನಾದಿಂದ ಬರೋ ಹೆಣ್ಣಮಕ್ಕಳ ನಡತಿ ಹೆಂಗದ ಅಂತ ಹಡಗು ಹತ್ತೋಕಿಂತ ಮೊದಲೇ ಹಾಂಗ್‌ಕಾಂಗ್‌ನಾಗ ನಿಲ್ಲಿಸಿ ವಿಚಾರಿಸತಿದ್ರು. ಆ ದೇಶ ಬಾಗಲಾ ಹಾಕಲಿಕ್ಕೆ ಸುರು ಮಾಡಿದ ಮೊದಲನೇ ಕಾಯ್ದೆಯೊಳಗೇ ಹೆಣ್ಣಿನ ನಡತಿಯ ಪ್ರಶ್ನಿ ಇತ್ತು.

ವಸ್ತಿಯ ಪ್ರಶ್ನಿ ಹುಟ್ಟಿದ್ದು

1892ರ ಜನವರಿ 1ಕ್ಕ ನ್ಯೂಯಾರ್ಕ್ ಬಂದರದ ಎಲ್ಲಿಸ್ ಐಲಂಡ್ ಅನ್ನೋ ನಡುಗಡ್ಡೆಯೊಳಗ ವಲಸೆಯ ಕಚೇರಿ ತೆರೀತು. ಮೊದಲು ಒಳಗ ಹೋದಾಕಿ ಆನಿ ಮೂರ್, ಐರ್ಲಂಡಿನ 17 ವರ್ಷದ ಹುಡುಗಿ, ಇಬ್ಬರು ತಮ್ಮಂದಿರ ಕೈ ಹಿಡಕೊಂಡು ಬಂದಿದ್ದಳು. 1954ರಾಗ ಆ ಕಚೇರಿ ಮುಚ್ಚೋತನಕ ಒಂದು ಕೋಟಿಗಿಂತ ಹೆಚ್ಚು ಮಂದಿ ಅಲ್ಲಿಂದ ದಾಟಿ ಹೋದ್ರು.

ಹಡಗಿನವರು ಒಬ್ಬೊಬ್ಬರ ಬಗ್ಗೆ ಒಂದು ದೊಡ್ಡ ಪಟ್ಟಿ ಬರಕೊಂಡು ಬರಬೇಕಿತ್ತು. ಹೆಸರು, ವಯಸ್ಸು, ಕಸಬು ಅಷ್ಟೇ ಅಲ್ಲ. ಟಿಕೀಟಿನ ರೊಕ್ಕ ಯಾರು ಕೊಟ್ರು? ಕೈಯಾಗ ಎಷ್ಟು ರೊಕ್ಕ ಅದ? ಬಳಗದವರ ಹತ್ರ ಹೊಂಟಿದ್ರ ಅವರ ಹೆಸರೇನು, ವಿಳಾಸ ಏನು? ಇವತ್ತು ನಾವು ಕಂಪ್ಯೂಟರ್‌ನೊಳಗ ತುಂಬೋ ವೀಸಾ ಅರ್ಜಿ ನೋಡ್ರಿ, ಅದೇ ಸಾಲು, ಅದೇ ಪ್ರಶ್ನಿ. ಇದರ ಬೇರು 1882ರ ಕಾಯ್ದೆಯೊಳಗ ಅದ. ತನ್ನನ್ನ ತಾನು ಸಾಕಿಕೊಳ್ಳಲಾರದೆ ಸರ್ಕಾರಕ್ಕ ಹೊರೆ ಆಗೋ ಮಂದಿ ಬ್ಯಾಡ ಅಂತ ಆ ಕಾಯ್ದೆ ಹೇಳಿತ್ತು. ಬಡತನದ ಅಂಜಿಕಿಯಿಂದ ಹುಟ್ಟಿದ ಪ್ರಶ್ನಿ ಇದು.

ಎಲ್ಲಿಸ್ ಐಲಂಡಿನಾಗ ಗಂಡಸರು ಉತ್ತರ ಹೇಳಿ ದಾಟತಿದ್ರು. ಒಬ್ಬಾಕೇ ಬಂದ ಹೆಣ್ಣಮಗಳನ್ನ ಮಾತ್ರ ಬಿಡತಿದ್ದಿಲ್ಲ. ಆಕಿ ಕೈಯಾಗ ವಿಳಾಸ ಇದ್ರೂ ಸಾಲತಿದ್ದಿಲ್ಲ. ಗಂಡನೋ ಅಣ್ಣನೋ ಬಳಗದವರೋ ಬಂದು ಕರಕೊಂಡು ಹೋಗಬೇಕು, ಇಲ್ಲಾಂದ್ರ ಅವರಿಂದ ತಂತಿಯೋ ಪತ್ರವೋ ಮುಂದಿನ ಊರಿನ ಟಿಕೀಟೋ ಬರಬೇಕು. ಅಲ್ಲೀತನಕ ಅಲ್ಲೇ ಕೂಡೋದು. ಬಳಗ ಅಲ್ಲದ ಗಂಡಸಿನ ಜೋಡಿ ಹೊರಗ ಬಿಡತಿದ್ದಿಲ್ಲ. ಹುಡುಗಿಯರನ್ನ ಮೋಸ ಮಾಡೋರಿಂದ ಕಾಯಲಿಕ್ಕೆ ಅಂತ ಹೇಳತಿದ್ರು. ಅದರಾಗ ಖರೇನೂ ಇತ್ತು. ಆದ್ರ ಸ್ವಂತ ದುಡಿದ ರೊಕ್ಕದಾಗ ಸಮುದ್ರ ದಾಟಿ ಬಂದಾಕಿಯನ್ನೂ ಅಂಚೆ ಪಾರ್ಸಲ್ ಹಂಗ ಯಾರೋ ಬಂದು ಬಿಡಿಸಿಕೊಂಡು ಹೋಗಬೇಕಾಗಿತ್ತು.

ವಾಪಸ್ ಟಿಕೀಟಿನ ಕತಿ

ವಾಪಸ್ ಟಿಕೀಟು ಯಾಕ ಕೇಳತಾರ ಅಂತ ನಮಗ ಬ್ಯಾಸರ ಬರತದ. ಆದ್ರ ವಾಪಸ್ ಟಿಕೀಟು ಇಲ್ಲದೆ ಸಿಕ್ಕಿಬಿದ್ದ ನಮ್ಮ ದೇಶದ ಹೆಣ್ಣಮಕ್ಕಳ ಕತಿ ಕೇಳಿದ್ರ ಹೊಟ್ಟಿಯೊಳಗ ಕಸಿವಿಸಿ ಆಗತದ.

ಬ್ರಿಟಿಷರ ಕಾಲದಾಗ ಇಲ್ಲಿಯ ಗೋರಿ ಮನೆತನದವರು ಹಡಗಿನಾಗ ಇಂಗ್ಲಂಡಿಗೆ ಹೋಗೋವಾಗ ಕೂಸು ನೋಡಿಕೊಳ್ಳಲಿಕ್ಕೆ ಆಯಾಗಳನ್ನ ಕರಕೊಂಡು ಹೋಗತಿದ್ರು. ವಾರಗಟ್ಟಲೆ ಪ್ರವಾಸ. ಹಡಗಿನ ಹೊಯ್ದಾಟದಾಗ ಮಕ್ಕಳನ್ನ ಮಲಗಿಸೋದು, ಉಣಿಸೋದು, ವಾಂತಿ ಬಳಿಯೋದು ಎಲ್ಲಾ ಆಕಿನೇ. ಲಂಡನ್ ಮುಟ್ಟಿದ ಮ್ಯಾಲೆ ಕೆಲವರು ಆಯಾಗೆ ವಾಪಸ್ ಹೋಗಲಿಕ್ಕೆ ಟಿಕೀಟು ತಗದು ಕೊಡತಿದ್ರು. ಕೆಲವರು ಕೆಲಸಾ ಮುಗೀತು ಅಂತ ಅಲ್ಲೇ ಕೈ ಬಿಡತಿದ್ರು. ಭಾಷಾ ಗೊತ್ತಿಲ್ಲ, ಥಂಡಿ, ವಸ್ತಿ ಇಲ್ಲ, ಊರಿಗೆ ಹೋಗೋ ದಾರಿ ಇಲ್ಲ.

ಇಂಥವರ ಸಲುವಾಗಿ ಲಂಡನ್ನಿನಾಗ ಆಯಾಗಳ ಮನಿ ಅಂತ ಒಂದು ವಸತಿಗೃಹ ಇತ್ತು. 1900ರಿಂದ ಅದು ಹ್ಯಾಕ್ನಿ ಭಾಗದ ಕಿಂಗ್ ಎಡ್ವರ್ಡ್ಸ್ ರಸ್ತೆಯ 26ನೇ ನಂಬರ್ ಮನ್ಯಾಗ ನಡೀತು, 1921ರಾಗ ಅದೇ ರಸ್ತೆಯ ಇನ್ನೊಂದು ಮನಿಗೆ ಹೋಯ್ತು. ಭಾರತಕ್ಕ ಹೊಂಟ ಬ್ಯಾರೆ ಮನೆತನದವರು ಯಾರರೆ ಸಿಕ್ಕು, ಅವರ ಕೂಸು ನೋಡಿಕೊಳ್ಳೋ ಕೆಲಸಾ ಸಿಗೋತನಕ ಆಯಾಗಳು ಅಲ್ಲಿ ಇರತಿದ್ರು. 2022ರಾಗ ಆ 26ನೇ ನಂಬರ್ ಮನಿಗೆ ನೆನಪಿನ ನೀಲಿ ಫಲಕ ಹಾಕ್ಯಾರ. ಲಂಡನ್ನಿಗೆ ಹೋದವರು ಅರಮನಿ ನೋಡತೀರಿ, ಇದನ್ನೂ ಒಮ್ಮೆ ನೋಡ್ಕೊಂಡು ಬರ್ರಿ. ಪರದೇಶದಾಗ ಮಕ್ಕಳನ್ನ ನೋಡಿಕೊಳ್ಳಲಿಕ್ಕೆ ಹೋದ ನಮ್ಮ ದೇಶದ ಮೊದಲನೇ ಹೆಣ್ಣಮಕ್ಕಳು ನಾವಲ್ಲ, ಅವರು.

ಹೆಂಡತಿ ಅನ್ನಲಿಕ್ಕೆ ಪುರಾವೆ

ಮುಂದಿನ ಪ್ರಶ್ನಿ, ಯಾರ ಜೋಡಿ ಹೊಂಟೀರಿ? ಇದಕ್ಕ ದಕ್ಷಿಣ ಆಫ್ರಿಕಾಕ್ಕ ಹೋಗಬೇಕು. 1913ರ ಮಾರ್ಚಿನೊಳಗ ಅಲ್ಲಿಯ ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಒಂದು ತೀರ್ಪು ಕೊಟ್ರು. ಬಾಯಿ ಮರಿಯಂ ಅನ್ನೋ ಹೆಣ್ಣಮಗಳು ಅಲ್ಲಿದ್ದ ಗಂಡನ ಹತ್ರ ಹೊಂಟಿದ್ದಳು, ಒಳಗ ಬಿಡಲಿಲ್ಲ. ಒಬ್ಬನಿಗೆ ಒಬ್ಬಾಕಿಗಿಂತ ಹೆಚ್ಚು ಹೆಂಡಂದಿರನ್ನ ಒಪ್ಪೋ ಧರ್ಮದ ಪ್ರಕಾರ ಆದ ಮದುವಿಯನ್ನ ಇಲ್ಲಿಯ ಕಾಯ್ದೆ ಒಪ್ಪೋದಿಲ್ಲ ಅಂತ ತೀರ್ಪು ಬಂತು. ಅಂದ್ರ ಅಲ್ಲಿದ್ದ ಹಿಂದೂ, ಮುಸಲ್ಮಾನ ಹೆಣ್ಣಮಕ್ಕಳೆಲ್ಲಾ ಒಂದೇ ದಿನದಾಗ ಕಾಯ್ದೆ ಪ್ರಕಾರ ಹೆಂಡತಿಯರೇ ಅಲ್ಲ ಅಂದಂಗ ಆತು.

ಕಸ್ತೂರಬಾ ಸತ್ಯಾಗ್ರಹಕ್ಕ ಇಳಿದದ್ದು ಆವಾಗ. 1913ರ ಸೆಪ್ಟೆಂಬರ್‌ನೊಳಗ ಫೀನಿಕ್ಸ್ ಆಶ್ರಮದ 16 ಮಂದಿ ನಟಾಲ್ ಗಡಿ ದಾಟಿ ಟ್ರಾನ್ಸ್‌ವಾಲಿಗೆ ಹೋದ್ರು. ಅದರಾಗ ನಾಲ್ಕು ಮಂದಿ ಹೆಣ್ಣಮಕ್ಕಳು. ಕಸ್ತೂರಬಾಗೆ ಮೂರು ತಿಂಗಳ ಕಠಿಣ ಶಿಕ್ಷೆ ಆತು. ಮರುವರ್ಷ, 1914ರಾಗ, ಕಾಯ್ದೆ ಬದಲಾಗಿ ಭಾರತೀಯರ ಮದುವಿಗೆ ಮಾನ್ಯತೆ ಬಂತು. ಇವತ್ತು ವೀಸಾ ಅರ್ಜಿಯೊಳಗ ಸಂಗಾತಿ ಅನ್ನೋ ಸಾಲಿನಾಗ ಹೆಸರು ಬರೆಯೋವಾಗ ಮೂರು ತಿಂಗಳ ಆ ಜೈಲನ್ನ ಒಂದು ಸಲ ನೆನಸಬೇಕು.

ಗಂಡನ ಪಾಸ್‌ಪೋರ್ಟಿನಾಗ ನಮ್ಮ ಫೋಟೋ

ಈಗ ಪಾಸ್‌ಪೋರ್ಟಿನ ಮಾತು. ಆಸ್ಟ್ರಿಯಾದ ಲೇಖಕ ಸ್ಟೆಫಾನ್ ಜ್ವೈಗ್ ತನ್ನ ಆತ್ಮಕಥಿಯೊಳಗ, 1914ಕ್ಕಿಂತ ಮೊದಲು ತಾನು ಪಾಸ್‌ಪೋರ್ಟ್ ಇಲ್ಲದೇ ಭಾರತಕ್ಕೂ ಅಮೆರಿಕಾಕ್ಕೂ ಹೋಗಿ ಬಂದೆ ಅಂತ ಬರದಾನ. ಈಗಿನ ಹುಡುಗರಿಗೆ ಹೇಳಿದ್ರ ನಂಬೋದಿಲ್ಲ. ಮೊದಲನೇ ಮಹಾಯುದ್ಧ ಸುರು ಆದದ್ದೇ ತಡ, ಗೂಢಚಾರರ ಅಂಜಿಕಿ ಹುಟ್ಟಿ ಎಲ್ಲಾ ದೇಶಗಳೂ ಬಾಗಲಾ ಹಾಕಿದ್ವು. ಬ್ರಿಟಿಷರು 1915ರಾಗ ಪಾಸ್‌ಪೋರ್ಟಿಗೆ ಫೋಟೋ ಹಚ್ಚಲಿಕ್ಕೆ ಸುರು ಮಾಡಿದ್ರು. ಯುದ್ಧ ಮುಗೀತು, ಪಾಸ್‌ಪೋರ್ಟ್ ಹೋಗಲಿಲ್ಲ. 1920ರಾಗ ರಾಷ್ಟ್ರಗಳ ಒಕ್ಕೂಟದವರು ಪ್ಯಾರಿಸ್‌ನಾಗ ಸಭಾ ಕೂಡಿಸಿ, ಎಲ್ಲಾ ದೇಶದ ಪಾಸ್‌ಪೋರ್ಟೂ ಒಂದೇ ನಮೂನಿಯ 32 ಪುಟದ ಪುಸ್ತಕ ಇರಬೇಕು ಅಂತ ಠರಾಯಿಸಿದ್ರು. ಅದೇ ವರ್ಷ ನಮ್ಮ ದೇಶದಾಗೂ ಒಳಗ ಬರೋವರಿಗೆ ಪಾಸ್‌ಪೋರ್ಟ್ ಬೇಕು ಅಂತ ಕಾಯ್ದೆ ಆತು. ಆ 1920ರ ಕಾಯ್ದೆ ತಗದು ಹೊಸದು ಹಾಕಿದ್ದು ಮೊನ್ನೆ ಮೊನ್ನೆ, 2025ರಾಗ.

ಆ ನಮೂನಿಯೊಳಗ ಯಜಮಾನರ ಫೋಟೋ ಬಾಜೂಕೇ ಹೆಂಡತಿಯ ಫೋಟೋಕ್ಕ ಜಾಗಾ ಇತ್ತು. ಬ್ರಿಟಿಷ್ ಇಂಡಿಯಾದ ಹಳೇ ಪಾಸ್‌ಪೋರ್ಟಿನಾಗೂ ಹಂಗೇ. ಒಂದು ಕಾಲಂ ಯಜಮಾನರಿಗೆ, ಇನ್ನೊಂದು ಹೆಂಡತಿಗೆ. ಒಂದೇ ಪುಸ್ತಕದಾಗ ಸಂಸಾರ. ಕೇಳಲಿಕ್ಕೆ ಛೊಲೋ ಅನಸತದ, ಎರಡು ಪಾಸ್‌ಪೋರ್ಟಿನ ಖರ್ಚಿಲ್ಲ. ಆದ್ರ ಆ ಪುಸ್ತಕ ಹಿಡಕೊಂಡು ಗಂಡ ಒಬ್ಬನೇ ಹೋಗಬಹುದಿತ್ತು, ಹೆಂಡತಿ ಒಬ್ಬಾಕೇ ಹೋಗಲಿಕ್ಕೆ ಆಗತಿದ್ದಿಲ್ಲ. ನಡುವೆ ಅವ್ವಗ ಆರಾಮಿಲ್ಲ ಅಂತ ತಂತಿ ಬಂದ್ರ ಗಂಡ ಹೊಂಟಾಗೇ ಆಕಿ ಹೊರಡಬೇಕು.

ಇದಕ್ಕ ಸಿಟ್ಟಿಗೆದ್ದ ಒಬ್ಬ ಹೆಣ್ಣಮಗಳ ಕತಿ ನನಗ ಭಾಳ ಸೇರತದ. ನ್ಯೂಯಾರ್ಕಿನ ಪತ್ರಕರ್ತೆ ರೂತ್ ಹೇಲ್ 1921ರಾಗ ಗಂಡನ ಜೋಡಿ ಫ್ರಾನ್ಸಿಗೆ ಹೊಂಟಿದ್ದಳು. ಪಾಸ್‌ಪೋರ್ಟ್ ನನ್ನ ಹೆಸರಿನಾಗ ಬೇಕು, ಮಿಸೆಸ್ ಹೇವುಡ್ ಬ್ರೂನ್ ಅಂತ ಗಂಡನ ಹೆಸರಿನಾಗ ಬ್ಯಾಡ ಅಂತ ಹಟ ಹಿಡಿದಳು. ಸರ್ಕಾರ ಒಪ್ಪಲಿಲ್ಲ. ಗಂಡ ಹೆಂಡತಿ ಇಬ್ಬರೂ ಪ್ರವಾಸಾನೇ ರದ್ದು ಮಾಡಿ ಮನ್ಯಾಗ ಕೂತ್ರು. ಅದೇ ದಶಕದಾಗ ಆಕಿಯ ಗೆಳತಿಯರ ಗುಂಪಿನ ಡೋರಿಸ್ ಫ್ಲೈಶ್‌ಮನ್ ಅನ್ನಾಕಿಗೆ ಮದುವಿ ಆದ ಮ್ಯಾಲೂ ತವರುಮನಿ ಹೆಸರಿನಾಗೇ ಪಾಸ್‌ಪೋರ್ಟ್ ಸಿಕ್ತು. ಮುಂದಿನವರಿಗೆ ದಾರಿ ಆತು.

ನಮ್ಮ ದೇಶದಾಗ ಬ್ಯಾರೆ ರೀತಿಯ ಜಗಳ ನಡೀತು. ಸ್ವಾತಂತ್ರ್ಯ ಬಂದು 20 ವರ್ಷ ಪಾಸ್‌ಪೋರ್ಟ್ ಅನ್ನೋದು ಸರ್ಕಾರದ ಮರ್ಜಿ. ಕೊಟ್ರ ಕೊಟ್ರು, ಇಲ್ಲಾಂದ್ರ ಇಲ್ಲ. 1967ರ ಏಪ್ರಿಲ್‌ನೊಳಗ ಸುಪ್ರೀಂ ಕೋರ್ಟು ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಾಗ, ಪರದೇಶಕ್ಕ ಹೋಗೋದು ಮನುಷ್ಯನ ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾಯ್ದೆ ಇಲ್ಲದೇ ತಡೀಲಿಕ್ಕೆ ಬರೋದಿಲ್ಲ ಅಂತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಹತ್ತು ವರ್ಷದ ಮ್ಯಾಲೆ, 1977ರಾಗ, ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ವಾಪಸ್ ಕೊಡ್ರಿ ಅಂತ ಸರ್ಕಾರ ಪತ್ರ ಕಳಿಸಿತು. ಯಾಕ ಅಂತ ಕೇಳಿದ್ರ ಕಾರಣ ಹೇಳೋದಿಲ್ಲ ಅಂತು. ಆಕಿ ಕೋರ್ಟಿಗೆ ಹೋದಳು. 1978ರ ಜನವರಿ 25ಕ್ಕ ಬಂದ ತೀರ್ಪು ಇವತ್ತಿಗೂ ಕಾನೂನು ಓದೋ ಎಲ್ಲಾ ಹುಡುಗರಿಗೂ ಬಾಯಿಪಾಠ. ಸರ್ಕಾರ ನಮ್ಮ ಸ್ವಾತಂತ್ರ್ಯಕ್ಕ ಕೈ ಹಾಕಬೇಕಾದ್ರ ಅದರ ರೀತಿ ನ್ಯಾಯವಾಗಿರಬೇಕು, ಮನಸ್ಸಿಗೆ ಬಂದಂಗ ಅಲ್ಲ. ಇಡೀ ದೇಶದ ಮಂದಿಗೆ ದಕ್ಕಿದ ಈ ಮಾತು ಹುಟ್ಟಿದ್ದು ಒಬ್ಬ ಹೆಣ್ಣಮಗಳ ಪಾಸ್‌ಪೋರ್ಟಿನಿಂದ.

ಸಣ್ಣ ಸಣ್ಣ ಗಂಟು ಬಿಚ್ಚಿದ್ದು ಇನ್ನೂ ಇತ್ತೀಚೆಗೆ. 2016ರ ಡಿಸೆಂಬರ್‌ನೊಳಗ ನಿಯಮ ಬದಲಾತು. ತಂದೆ ತಾಯಿ ಇಬ್ಬರಾಗ ಒಬ್ಬರ ಹೆಸರು ಕೊಟ್ರೂ ಸಾಕು. ಮದುವಿಯ ಪ್ರಮಾಣಪತ್ರ ಬೇಕಿಲ್ಲ. ಗಂಡನಿಂದ ಬ್ಯಾರೆ ಆದಾಕಿ ಆತನ ಹೆಸರು ಬರೀಬೇಕು ಅಂತಿಲ್ಲ. ಒಬ್ಬಾಕೇ ಮಕ್ಕಳನ್ನ ಬೆಳಸಿದ ತಾಯಂದಿರಿಗೆ ಇದರ ಬೆಲಿ ಗೊತ್ತು. ಮತ್ತ ಪಾಸ್‌ಪೋರ್ಟಿನ ಸಲುವಾಗಿ ಬೆಂಗಳೂರಿಗೇ ಹೋಗಬೇಕು ಅನ್ನೋದೂ ಈಗ ಇಲ್ಲ. ನಮ್ಮ ಹುಬ್ಬಳ್ಳಿಯಾಗೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಅದ. ಅಂಚೆ ಕಚೇರಿಯೊಳಗ ಪಾಸ್‌ಪೋರ್ಟ್ ಅರ್ಜಿ ತಗೊಳ್ಳೋ ಪದ್ಧತಿ 2017ರಾಗ ಮೊದಲು ಸುರು ಆದ ಜಾಗಾದಾಗ ನಮ್ಮ ಮೈಸೂರಿನ ಮುಖ್ಯ ಅಂಚೆ ಕಚೇರಿನೂ ಒಂದು.

ಎಂಟು ಡಾಲರಿನ ಕಾಲ

ರೊಕ್ಕದ ಪ್ರಶ್ನಿಗೆ ಬರೋಣ. 1960, 70ರ ದಶಕದಾಗ ಪರದೇಶಕ್ಕ ಹೋದ ಹಿರಿಯರನ್ನ ಕೇಳ್ರಿ, ಎಲ್ಲಾರೂ ಒಂದೇ ಮಾತು ಹೇಳತಾರ, ಕಿಸೆಯಾಗ 8 ಡಾಲರ್. ದೇಶದಾಗ ವಿದೇಶಿ ರೊಕ್ಕದ ಬರ, ರಿಸರ್ವ್ ಬ್ಯಾಂಕು ಅಷ್ಟೇ ಕೊಡತಿತ್ತು. 8 ಡಾಲರಿನಾಗ ಹೋಟೆಲ್ಲಿನ ಮಾತು ಎಲ್ಲಿಂದ ಬರಬೇಕು? ಯಾರದರೆ ಮನ್ಯಾಗ ಇಳಕೊಳ್ಳಲೇಬೇಕು. ಪರಿಚಯದವರ ಪರಿಚಯ, ಊರಿನವರ ಊರಿನವರು. ಅಲ್ಲಿದ್ದ ನಮ್ಮ ಹೆಣ್ಣಮಕ್ಕಳ ಅಡಗಿಮನಿಗಳೇ ಆ ಕಾಲದ ಧರ್ಮಶಾಲೆಗಳು. ವಿಮಾನದಿಂದ ಇಳಿದು ಬಂದವರಿಗೆ ಸಾರು ಅನ್ನ ಹಾಕಿ, ಚಾದರ ಕೊಟ್ಟು, ನೆಲದ ಮ್ಯಾಲೆ ಹಾಸಿಗಿ ಹಾಸಿ ಕೊಟ್ಟವರ ಹೆಸರು ಯಾವ ಇತಿಹಾಸದಾಗೂ ಇಲ್ಲ.

ಈಗ ಒಬ್ಬೊಬ್ಬರು ವರ್ಷಕ್ಕ ಎರಡೂವರಿ ಲಕ್ಷ ಡಾಲರ್ ತನಕ ಹೊರಗ ಕಳಸಬಹುದು ಅಂತ ನಿಯಮ ಅದ. ಎಂಟರಿಂದ ಎರಡೂವರಿ ಲಕ್ಷ! ನಮಗ ಅಷ್ಟು ಬೇಕಿಲ್ಲ ಬಿಡ್ರಿ. ಆದ್ರ ಒಂದು ಮಾತು. ವೀಸಾ ಕಚೇರಿಯವರು ನೋಡೋದು ಎಷ್ಟು ರೊಕ್ಕ ಅನ್ನೋದಷ್ಟೇ ಅಲ್ಲ, ಯಾರ ಹೆಸರಿನಾಗ ಅನ್ನೋದೂ ನೋಡತಾರ. ಮನಿ ಗಂಡನ ಹೆಸರಿನಾಗ, ಠೇವಣಿ ಗಂಡನ ಹೆಸರಿನಾಗ, ಖರ್ಚು ಮಗನದು ಅಂದ್ರ, ಒಬ್ಬಾಕೇ ಹೊಂಟ ಹೆಣ್ಣಮಗಳ ಕಾಗದ ತೆಳ್ಳಗ ಕಾಣತಾವ. ಪಿಂಚಣಿ ಇರಲಿ, ಸಣ್ಣ ಠೇವಣಿ ಇರಲಿ, ನಿಮ್ಮ ಹೆಸರಿನಾಗ ಇದ್ದದ್ದನ್ನ ಫೈಲಿನಾಗ ಇಡ್ರಿ.

ಹೀಥ್ರೋದ ಒಂದು ದಿನ

ಇದನ್ನ ಬರೀಬೇಕೋ ಬ್ಯಾಡೋ ಅಂತ ವಿಚಾರ ಮಾಡಿ, ಬರದೇ ಬಿಡೋದು ಅಂತ ಠರಾಯಿಸಿದೆ. ಆವಾಗ ಇಂಗ್ಲಂಡಿಗೆ ಹೋಗೋ ಹೆಂಡತಿಗೆ ಇಲ್ಲಿಂದಲೇ ಪ್ರವೇಶ ಪತ್ರ ತಗೊಂಡು ಹೋಗಬೇಕಿತ್ತು, ಅಲ್ಲಿ ಹೋಗಿ ಮೂರು ತಿಂಗಳೊಳಗ ಮದುವಿ ಆಗೋ ಹುಡುಗಿಗೆ ಬೇಕಿದ್ದಿಲ್ಲ. 1979ರ ಜನವರಿಯೊಳಗ ನಮ್ಮ ದೇಶದ 35 ವರ್ಷದ ಒಬ್ಬ ಶಿಕ್ಷಕಿ ಮದುವಿ ಆಗಲಿಕ್ಕೆ ಅಂತ ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಾಗ ಇಳಿದಳು. ಅಧಿಕಾರಿಗಳು ಆಕಿಯ ಮಾತು ನಂಬಲಿಲ್ಲ. ಮೊದಲೇ ಮದುವಿ ಆಗೇದೋ ಇಲ್ಲೋ ಅಂತ ತಿಳೀಲಿಕ್ಕೆ ಡಾಕ್ಟರ ಕಡೆಯಿಂದ ಆಕಿಯ ಮೈ ಪರೀಕ್ಷೆ ಮಾಡಿಸಿದ್ರು. ಫೆಬ್ರವರಿ 1ಕ್ಕ ಗಾರ್ಡಿಯನ್ ಪತ್ರಿಕೆಯೊಳಗ ಸುದ್ದಿ ಬಂದು ಎರಡೂ ದೇಶದಾಗ ಗದ್ದಲ ಆತು. ಆ ಪರೀಕ್ಷೆ ಕೂಡಲೇ ನಿಂತಿತು. ಮುಂದೆ ಹಳೇ ಸರ್ಕಾರಿ ಕಡತ ತಗದು ನೋಡಿದ ಸಂಶೋಧಕರಿಗೆ, ಇಂಥದ್ದು ಆಕಿಗೊಬ್ಬಾಕಿಗೇ ಆಗಿದ್ದಿಲ್ಲ ಅನ್ನೋದೂ ತಿಳೀತು. ಯಾರ ಜೋಡಿ ಅನ್ನೋ ಪ್ರಶ್ನಿ ಎಲ್ಲಿ ತನಕ ಹೋಗಬಹುದು ಅನ್ನಲಿಕ್ಕೆ ಇದು ಸಾಕ್ಷಿ. ಅದು ನಿಂತದ್ದು ಆ ಶಿಕ್ಷಕಿ ಸುಮ್ಮನ ಕೂಡಲಿಲ್ಲ ಅಂತ. 1986ರಿಂದ ಇಂಗ್ಲಂಡಿಗೆ ನಮ್ಮ ದೇಶದಿಂದ ಹೋಗೋ ಎಲ್ಲಾರಿಗೂ ಮೊದಲೇ ವೀಸಾ ಬೇಕು ಅಂತಾತು.

ಇವತ್ತಿನ ಫೈಲು

ಇಷ್ಟೆಲ್ಲಾ ಕತಿ ತಲಿಯೊಳಗ ಇಟ್ಟುಕೊಂಡು ಈಗಿನ ಕಾಗದ ನೋಡ್ರಿ, ಅಂಜಿಕಿ ಕಡಿಮಿ ಆಗತದ.

ಯುರೋಪಿನ ಶೆಂಗೆನ್ ಅನ್ನೋದು ಲಕ್ಸೆಂಬರ್ಗ್ ದೇಶದ ಒಂದು ಸಣ್ಣ ಹಳ್ಳಿಯ ಹೆಸರು. 1985ರ ಜೂನ್ 14ಕ್ಕ ಅಲ್ಲಿ ಹೊಳಿಯೊಳಗ ನಿಂತ ಒಂದು ದೋಣಿಯ ಮ್ಯಾಲೆ ಐದು ದೇಶದವರು ಸಹಿ ಮಾಡಿದ್ರು. 1995ರಿಂದ ಗಡಿ ತಗದ್ರು. ಈಗ 29 ದೇಶ ಅದರಾಗ ಅವ. ಒಂದು ವೀಸಾ, ಆದ್ರ ಯಾವುದೇ 180 ದಿನದೊಳಗ 90 ದಿನ ಅಷ್ಟೇ. ಇಳಿದ ದಿನಾನೂ ಲೆಕ್ಕ, ಹೊರಡೋ ದಿನಾನೂ ಲೆಕ್ಕ. ಏಪ್ರಿಲ್ 10ಕ್ಕ ಇಳಿದ್ರ ಜುಲೈ 8ಕ್ಕ 90 ತುಂಬಿತು. ಮೂರು ತಿಂಗಳು ಅಂತ ಜುಲೈ 10ರ ಟಿಕೀಟು ತಗಸಿದ್ರ ಎರಡು ದಿನ ಹೆಚ್ಚಾತು, ಮುಂದಿನ ವೀಸಾಕ್ಕ ಅಡಚಣಿ. ಕ್ಯಾಲೆಂಡರ್ ಹಿಡಕೊಂಡು ಬೆರಳಿನಾಗ ಎಣಸ್ರಿ, ಏಕಾದಶಿ ಎಣಸಿದಂಗ. ಇಂಗ್ಲಂಡು, ಐರ್ಲಂಡು ಇದರಾಗ ಬರೋದಿಲ್ಲ, ಅವಕ್ಕ ಬ್ಯಾರೆ ಕಾಗದ.

ವಸ್ತಿಯ ಪುರಾವೆ ಅಲ್ಲಿ ಪ್ರತಿ ರಾತ್ರಿಗೂ ಕೇಳತಾರ. ಹೋಟೆಲ್ ಆದ್ರ ಬುಕಿಂಗ್ ಕಾಗದ. ರದ್ದು ಮಾಡಲಿಕ್ಕೆ ಬರೋವಂಥ ಖರೇ ಬುಕಿಂಗ್ ಮಾಡಸ್ರಿ, ಏಜೆಂಟರು ಕೊಡೋ ಖೊಟ್ಟಿ ಕಾಗದ ಬ್ಯಾಡ. ಮಕ್ಕಳ ಮನಿ ಆದ್ರ ಬರೇ "ಅವ್ವ ಬರತಾಳ" ಅಂತ ಮಗ ಬರೆದ ಪತ್ರ ಎಲ್ಲಾ ದೇಶಕ್ಕೂ ಸಾಲೋದಿಲ್ಲ. ಫ್ರಾನ್ಸಿನಾಗ ಮನಿಯವರು ತಮ್ಮ ನಗರಸಭೆಗೆ ಹೋಗಿ ಅತಿಥಿಯ ಪ್ರಮಾಣಪತ್ರ ತರಬೇಕು. ಜರ್ಮನಿಯಾಗ ಖರ್ಚೂ ಮಕ್ಕಳದೇ ಅಂತಾದ್ರ ಅವರು ಅಲ್ಲಿಯ ಕಚೇರಿಯೊಳಗ ಹೊಣೆಪತ್ರ ಮಾಡಿಸಿ ಕಳಸತಾರ. ಅಂಥದಕ್ಕ ವಾರಗಟ್ಟಲೆ ಹಿಡೀತದ, ಮೊದಲೇ ಹೇಳ್ರಿ. ಇದು ಅಪಮಾನ ಅಂತ ತಿಳೀಬ್ಯಾಡ್ರಿ. ನಮ್ಮ ದೇಶದಾಗೂ ವಿದೇಶಿ ಅತಿಥಿ ಮನಿಯೊಳಗ ಇಳಕೊಂಡ್ರ 24 ತಾಸಿನೊಳಗ ಸರ್ಕಾರಕ್ಕ ತಿಳಿಸಬೇಕು ಅಂತ ನಿಯಮ ಅದ. ಇನ್ನ ಪಾಸ್‌ಪೋರ್ಟು ವಾಪಸ್ ಬರೋ ದಿನದಿಂದ ಮುಂದೆ ಮೂರು ತಿಂಗಳರೆ ಚಾಲ್ತಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ದವಾಖಾನಿ ಖರ್ಚಿಗೆ ಕನಿಷ್ಠ 30,000 ಯೂರೋದ ವಿಮಾ ಬೇಕು. ಬಿ.ಪಿ., ಸಕ್ಕರಿ ಇದ್ದವರು ಮೊದಲಿಂದ ಇದ್ದ ಜಡ್ಡಿಗೂ ಪಾಲಿಸಿ ಬರತದೋ ಇಲ್ಲೋ ಅಂತ ಓದಿಸಿಕೊಂಡು ಕೇಳ್ರಿ.

ಅಮೆರಿಕಾದ್ದು ಬ್ಯಾರೆ. ವೀಸಾ 10 ವರ್ಷದ್ದು ಇರತದ, ಆದ್ರ ಅದರ ಅರ್ಥ ಹತ್ತು ವರ್ಷ ಕೂಡಬಹುದು ಅಂತಲ್ಲ. ಎಷ್ಟು ದಿನ ಇರಬಹುದು ಅನ್ನೋದನ್ನ ಇಳಿದ ಮ್ಯಾಲೆ ಅಲ್ಲಿಯ ಅಧಿಕಾರಿ ಠರಾಯಿಸತಾರ, ಸಾಮಾನ್ಯ ಆರು ತಿಂಗಳು. ಆ ತಾರೀಖು ಕಂಪ್ಯೂಟರ್‌ನಾಗ ಐ-94 ಅನ್ನೋ ದಾಖಲಿಯೊಳಗ ಇರತದ. ಮಗಳ ಕಡೆಯಿಂದ ಅದನ್ನ ತಗಸಿ ಅಡಗಿಮನಿ ಕ್ಯಾಲೆಂಡರಿಗೆ ಹಚ್ಚಿಬಿಡ್ರಿ. ಸಂದರ್ಶನದಾಗ ಅವರು ನೋಡೋದು ಒಂದೇ. 1952ರ ಅವರ ಕಾಯ್ದೆ ಪ್ರಕಾರ, ನೀವು ಅಲ್ಲೇ ಉಳೀಲಿಕ್ಕೆ ಬಂದೀರಿ ಅಂತ ಮೊದಲೇ ಹಿಡದಿರತಾರ. ಅಲ್ಲ ಅಂತ ತೋರಿಸೋ ಭಾರ ನಮ್ಮದು. ಆ ಕಿಟಕಿಯ ಮುಂದೆ "ನಮ್ಮ ಯಜಮಾನರಿಗೆ ಗೊತ್ತು" ಅನ್ನಬ್ಯಾಡ್ರಿ. ಮಗಳ ಊರು, ಮನಿ ವಿಳಾಸ, ಆಕಿಯ ಕೆಲಸಾ, ಎಷ್ಟು ದಿನ, ವಾಪಸ್ ಬಂದು ಇಲ್ಲಿ ಏನು ಮಾಡತೀರಿ, ಇಷ್ಟನ್ನ ನಿಮ್ಮ ಬಾಯಿಂದ ಹೇಳ್ರಿ. ಕನ್ನಡದಾಗ ಹೇಳಿದ್ರೂ ನಡೀತದ ಅನ್ನಿಸಿದ್ರ ಅರ್ಜಿ ತುಂಬೋವಾಗಲೇ ಭಾಷಾ ವಿಚಾರಿಸಿಕೊಳ್ರಿ.

ಮತ್ತ ಒಂದು ಮಾತು. ಇಳಕೊಳ್ಳೋ ಮನಿಯ ವಿಳಾಸ, ಮಗಳ ಫೋನ್ ನಂಬರು, ವಿಮಾದ ನಂಬರು, ಇವನ್ನ ಮೊಬೈಲಿನಾಗಷ್ಟೇ ಇಡಬ್ಯಾಡ್ರಿ. ಒಂದು ಚೀಟಿಯೊಳಗ ಕನ್ನಡದಾಗೂ ಇಂಗ್ಲಿಷಿನಾಗೂ ಬರದು ಪರ್ಸಿನೊಳಗ ಇಡ್ರಿ. ಪಾಸ್‌ಪೋರ್ಟಿನ ಜೆರಾಕ್ಸು ಬ್ಯಾಗಿನಾಗ ಬ್ಯಾರೆ. ಅಲ್ಲಿ ಹೋದ ಮ್ಯಾಲೆ ಪಾಸ್‌ಪೋರ್ಟ್ ಯಾರ ಕಪಾಟಿನಾಗ ಅದ ಅನ್ನೋದು ನಿಮಗ ಗೊತ್ತಿರಲಿ. ಮಕ್ಕಳು ಪ್ರೀತಿಯಿಂದಲೇ ತಗೊಂಡು ಇಡತಾರ, ಆದ್ರೂ ನಮ್ಮ ವಸ್ತು ನಮ್ಮ ಕೈಗೆ ಸಿಗೋ ಜಾಗಾದಾಗ ಇದ್ರ ಮನಸ್ಸಿಗೆ ಸಮಾಧಾನ.

ಒಂದು ಕಾಲಕ್ಕ ಹೆಣ್ಣಮಗಳು ಗಂಡನ ಪಾಸ್‌ಪೋರ್ಟಿನ ಒಂದು ಕಾಲಂ ಆಗಿದ್ದಳು. ಯಾರೋ ಬಂದು ಬಿಡಿಸಿಕೊಂಡು ಹೋಗೋತನಕ ಬಂದರದಾಗ ಕೂತಿದ್ದಳು. ವಾಪಸ್ ಟಿಕೀಟಿಲ್ಲದೆ ಲಂಡನ್ನಿನಾಗ ನಿಂತಿದ್ದಳು. ಇವತ್ತು ನಮ್ಮ ಹೆಸರಿನ ಪುಸ್ತಕ ನಮಗ ಸಿಕ್ಕದ. ಯಾರೋ ಜೈಲಿಗೆ ಹೋಗಿ, ಯಾರೋ ಕೋರ್ಟಿಗೆ ಹೋಗಿ, ಯಾರೋ ಪ್ರವಾಸ ಬಿಟ್ಟು ಕೂತು ಕೊಡಿಸಿದ್ದು. ಚಟ್ನಿಪುಡಿ ಕಟ್ಟೋದು ಇದ್ದೇ ಅದ. ಈ ಸಲ ಫೈಲು ನೀವೇ ತಗೊಂಡು ಕೂತು, ಒಂದೊಂದೇ ಕಾಗದ ಓದಿ, ಇದು ಯಾವ ಪ್ರಶ್ನಿಗೆ ಉತ್ತರ ಅಂತ ಗುರುತು ಹಾಕ್ಕೊಳ್ರಿ. ತಿಳಿಯದಿದ್ರ ನಮ್ಮನಿಗೆ ಬರ್ರಿ, ಚಹಾ ಕುಡಕೋತ ಇಬ್ಬರೂ ಕೂಡಿ ಓದೋಣ.